ರೀಚ್ ಬಂತು, ಗಿರಾಕಿ ಬರಲಿಲ್ಲ

ಮೊನ್ನೆ ಸಕಲೇಶಪುರದ ಕಡೆಯಿಂದ ಒಬ್ಬ ಹುಡುಗ ನಮ್ಮ ಆಫೀಸಿಗೆ ಬಂದಿದ್ದ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ವಾಪಸ್ ಹೋಗಿ, ಕಾಫಿ ತೋಟದ ಮನೆಯಲ್ಲೇ ನಾಲ್ಕು ರೂಮಿನ ಹೋಂಸ್ಟೇ ಮಾಡ್ಕೊಂಡಿದಾನೆ. ಅಮ್ಮ ಅಡುಗೆ ಮಾಡ್ತಾರೆ, ಇವನು ಬಂದವರನ್ನ ತೋಟ ಸುತ್ತಿಸ್ತಾನೆ. ಕೈಯಲ್ಲೊಂದು ಫೈಲ್ ಇತ್ತು. "ಸರ್, ಇದನ್ನ ಓದಿ ಹೇಳಿ. ನಾನು ಗೆದ್ದಿದೀನಾ, ಸೋತಿದೀನಾ ನನಗೇ ಗೊತ್ತಾಗ್ತಿಲ್ಲ" ಅಂದ.

ಫೈಲ್ ಬಿಚ್ಚಿದೆ. ಹನ್ನೆರಡು ಪುಟ. ಬಣ್ಣಬಣ್ಣದ ಗ್ರಾಫ್‌ಗಳು. ಮೇಲ್ಗಡೆ ದಪ್ಪಕ್ಷರದಲ್ಲಿ 'ಎಕ್ಸಲೆಂಟ್ ಪರ್ಫಾರ್ಮೆನ್ಸ್'. ಕೆಳಗೆ ಇಂಪ್ರೆಶನ್ಸ್ 4 ಲಕ್ಷ, ರೀಚ್ 1 ಲಕ್ಷ, ಸಿಟಿಆರ್ ಇಷ್ಟು, ಸಿಪಿಎಂ ಅಷ್ಟು. ಜಾಹೀರಾತಿಗೆ 30,000 ರೂಪಾಯಿ, ಏಜೆನ್ಸಿಯ ಫೀ 12,000, ಒಟ್ಟು 42,000. ಮೆಣಸು ಮಾರಿದ ದುಡ್ಡು ಅದು. ಆದರೆ ಬುಕಿಂಗ್ ಎಷ್ಟು ಬಂತು? ಆ ಹನ್ನೆರಡು ಪುಟದಲ್ಲಿ ಎಲ್ಲೂ ಬರೆದಿರಲಿಲ್ಲ. ಅದು ಬರೆದಿದ್ದದ್ದು ಅವನ ಅಮ್ಮನ ನೋಟ್‌ಬುಕ್ಕಿನಲ್ಲಿ. ಫೋನ್ ಮಾಡಿದ ಪ್ರತಿಯೊಬ್ಬರನ್ನೂ ಆ ತಾಯಿ "ನಮ್ಮ ಮನೆ ವಿಷಯ ಎಲ್ಲಿ ನೋಡಿದ್ರಿ?" ಅಂತ ಕೇಳಿ ಗುರುತು ಹಾಕ್ಕೊಂಡಿದ್ರು. ಒಟ್ಟು ಆರು ಬುಕಿಂಗ್. ಸೋಷಿಯಲ್ ಮೀಡಿಯಾದಲ್ಲಿ ನೋಡಿ ಬಂದವರು ಒಂದು, ಹುಡುಕಾಟದಲ್ಲಿ ಸಿಕ್ಕಿ ಬಂದವರು ಐದು.

ಇವತ್ತು ಕಿರಾಣಿ ಅಂಗಡಿಯವರಿಂದ ಹಿಡಿದು ಇಳಕಲ್ ಸೀರೆ ಮಾರುವವರ ತನಕ ಎಲ್ಲರ ಹತ್ರಾನೂ ಯಾರೋ ಒಬ್ಬರು ಬಂದು "ಡಿಜಿಟಲ್ ಮಾರ್ಕೆಟಿಂಗ್ ಮಾಡಿಸಿ" ಅಂತಿದಾರೆ. ಮಾಡಿಸಬೇಡಿ ಅಂತ ನಾನು ಹೇಳಲ್ಲ. ಆದರೆ ಆ ಭಾಷೆ ಗೊತ್ತಿಲ್ಲದೆ ಸಹಿ ಹಾಕೋದು, ಓದಲು ಬಾರದವನು ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಹಾಗೆ. ಹಾಗಾಗಿ ಈ ಹುಡುಗನ ಫೈಲನ್ನೇ ಮುಂದಿಟ್ಟುಕೊಂಡು ಒಂದೊಂದೇ ಪದ ಬಿಡಿಸ್ತಾ ಹೋಗೋಣ.

ಮೊದಲನೇದು ಇಂಪ್ರೆಶನ್. ನಿಮ್ಮ ಜಾಹೀರಾತು ಒಂದು ಸಲ ಯಾರದೋ ಪರದೆಯ ಮೇಲೆ ಬಂತು ಅಂದರೆ ಒಂದು ಇಂಪ್ರೆಶನ್. ಅವರು ಓದಲಿಲ್ಲ, ಬೆರಳು ಸರಸರ ಮೇಲಕ್ಕೆ ಹೋಯ್ತು, ಆದ್ರೂ ಲೆಕ್ಕಕ್ಕೆ ಬಂತು. ಎರಡನೇದು ರೀಚ್. ಎಷ್ಟು ಬೇರೆ ಬೇರೆ ಜನರಿಗೆ ತಲುಪಿತು ಅನ್ನೋದು. ಇವನದು 1 ಲಕ್ಷ ಜನಕ್ಕೆ 4 ಲಕ್ಷ ಸಲ ಕಾಣಿಸಿದೆ. ಭಾಗಿಸಿದರೆ ತಲೆಗೆ ನಾಲ್ಕು ಸಲ. ಇದಕ್ಕೆ ಫ್ರೀಕ್ವೆನ್ಸಿ ಅಂತಾರೆ. ರಸ್ತೆ ಬದಿಯ ದೊಡ್ಡ ಬೋರ್ಡ್ ನೆನಪು ಮಾಡ್ಕೊಳ್ಳಿ. ಆ ದಾರಿಯಲ್ಲಿ ದಿನಾ ಓಡಾಡೋ ಒಬ್ಬನೇ ಮನುಷ್ಯ ನಾಲ್ಕು ದಿನ ಬೋರ್ಡ್ ನೋಡಿದ್ರೆ ರೀಚ್ ಒಂದು, ಇಂಪ್ರೆಶನ್ ನಾಲ್ಕು. ವರದಿ ಮಾಡುವವರು ಯಾವಾಗಲೂ ದೊಡ್ಡ ಅಂಕಿಯನ್ನೇ ಮೊದಲು ತೋರಿಸ್ತಾರೆ. ಯಾಕೆ ಅಂತ ನಾನು ಹೇಳಬೇಕಾಗಿಲ್ಲ.

ಮುಂದಿನದು ಸಿಪಿಎಂ. ಸಾವಿರ ಇಂಪ್ರೆಶನ್‌ಗೆ ಬೀಳುವ ಖರ್ಚು. ಕೊನೆಯ 'ಎಂ' ಅಂದರೆ ಮಿಲಿಯನ್ ಅಂದ್ಕೊಳ್ಳಬೇಡಿ, ಅದು ಲ್ಯಾಟಿನ್ ಭಾಷೆಯ 'ಮಿಲೆ', ಅಂದರೆ ಸಾವಿರ. ಸೋಷಿಯಲ್ ಮೀಡಿಯಾಕ್ಕೆ ಹಾಕಿದ್ದು 20,000 ರೂಪಾಯಿ, ಬಂದದ್ದು 4 ಲಕ್ಷ ಇಂಪ್ರೆಶನ್. ಸಿಪಿಎಂ 50 ರೂಪಾಯಿ. ಆ ಜಾಹೀರಾತನ್ನ ಒತ್ತಿದ್ದು 2,000 ಸಲ. ಕಂಡ ಸಲಗಳಲ್ಲಿ ಶೇಕಡಾ ಎಷ್ಟು ಸಲ ಒತ್ತಿದರು ಅನ್ನೋದೇ ಸಿಟಿಆರ್, ಅಂದರೆ ಕ್ಲಿಕ್ ಥ್ರೂ ರೇಟ್. ಇಲ್ಲಿ ಅದು ಶೇ. 0.5. ಇನ್ನೂರು ಸಲ ಕಂಡರೆ ಒಂದು ಸಲ ಒತ್ತಿದ್ದಾರೆ. ಒಂದು ಕ್ಲಿಕ್‌ಗೆ ಬಿದ್ದ ಖರ್ಚು ಸಿಪಿಸಿ, ಕಾಸ್ಟ್ ಪರ್ ಕ್ಲಿಕ್. 20,000 ಭಾಗಿಸು 2,000, ಅಂದರೆ 10 ರೂಪಾಯಿ.

ಒಂದು ಸಣ್ಣ ಇತಿಹಾಸ ಹೇಳ್ತೀನಿ. 1994ರ ಅಕ್ಟೋಬರ್‌ನಲ್ಲಿ ಹಾಟ್‌ವೈರ್ಡ್ ಅನ್ನೋ ಅಮೆರಿಕದ ವೆಬ್‌ಸೈಟಿನಲ್ಲಿ ಎಟಿ ಅಂಡ್ ಟಿ ಕಂಪನಿಯ ಪಟ್ಟಿ ಜಾಹೀರಾತು ಬಂತು. ಬ್ಯಾನರ್ ಜಾಹೀರಾತಿನ ಯುಗ ಶುರುವಾಗಿದ್ದು ಅಲ್ಲಿಂದ. ನೋಡಿದವರಲ್ಲಿ ಶೇ. 44ರಷ್ಟು ಜನ ಅದನ್ನ ಒತ್ತಿದ್ರು ಅಂತ ಮಾಡಿದವರು ಹೇಳ್ಕೊಂಡಿದಾರೆ. ಹೊಸದು, ಕುತೂಹಲ. ಇವತ್ತು ಶೇ. 1 ದಾಟೋದಕ್ಕೇ ಬ್ಯಾನರ್ ಒದ್ದಾಡುತ್ತೆ. ಜನರ ಕಣ್ಣು ಜಾಹೀರಾತನ್ನ ದಾಟಿ ಹೋಗೋದನ್ನ ಕಲಿತುಬಿಟ್ಟಿದೆ.

ಈಗ ಹುಡುಕಾಟದ ಕಡೆಗೆ ಬನ್ನಿ. ಇದರ ಸ್ವಭಾವವೇ ಬೇರೆ. ಸೋಷಿಯಲ್ ಮೀಡಿಯಾದಲ್ಲಿ ಯಾರೋ ಸ್ನೇಹಿತರ ಮದುವೆ ಫೋಟೋ ನೋಡ್ತಿರುವಾಗ ನಿಮ್ಮ ಹೋಂಸ್ಟೇ ಮಧ್ಯೆ ನುಗ್ಗುತ್ತೆ. ಅವರು ಕೇಳಿರಲಿಲ್ಲ. ಆದರೆ ಗೂಗಲ್‌ನಲ್ಲಿ 'ಸಕಲೇಶಪುರ ಹೋಂಸ್ಟೇ' ಅಂತ ಟೈಪ್ ಮಾಡುವವರು ಬ್ಯಾಗ್ ತುಂಬೋಕೆ ರೆಡಿ ಆಗಿರೋರು. ಮೊದಲನೆಯದು ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಕರೆಯೋದು, ಎರಡನೆಯದು ಅಂಗಡಿ ಬಾಗಿಲಿಗೆ ಬಂದು "ಅಕ್ಕಿ ಇದೆಯಾ?" ಅಂತ ಕೇಳಿದವರಿಗೆ ಅಕ್ಕಿ ತೋರಿಸೋದು.

ಹುಡುಕಿದಾಗ ಬರೋ ಫಲಿತಾಂಶದಲ್ಲಿ ಎರಡು ಜಾತಿ. ಒಂದು ಆರ್ಗ್ಯಾನಿಕ್. ದುಡ್ಡು ಕೊಡದೆ, ನಿಮ್ಮ ಪುಟದ ಯೋಗ್ಯತೆಯ ಮೇಲೆ ಸಿಗೋ ಜಾಗ. ಆ ಜಾಗಕ್ಕೆ ಬರೋದಕ್ಕೆ ಮಾಡುವ ಕೆಲಸವೇ ಎಸ್‌ಇಒ, ಸರ್ಚ್ ಎಂಜಿನ್ ಆಪ್ಟಿಮೈಸೇಶನ್. ಸ್ಟ್ಯಾನ್‌ಫರ್ಡ್‌ನಲ್ಲಿ ಓದ್ತಿದ್ದ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಕಂಡುಕೊಂಡ ಮೂಲ ಐಡಿಯಾ ಸರಳ. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು ಲಿಂಕ್ ಕೊಟ್ಟಿವೆ, ಕೊಟ್ಟವರ ಘನತೆ ಎಷ್ಟು ಅಂತ ನೋಡಿ ಆ ಪುಟಕ್ಕೆ ಬೆಲೆ ಕಟ್ಟೋದು. ಊರಲ್ಲಿ ಹತ್ತು ಜನ ದೊಡ್ಡೋರು "ಆ ಡಾಕ್ಟ್ರು ಒಳ್ಳೇವ್ರು" ಅಂದ್ರೆ ನಾವು ನಂಬ್ತೀವಲ್ಲ, ಹಾಗೆ. ಈಗ ಆ ಲೆಕ್ಕಕ್ಕೆ ನೂರಾರು ಅಂಶ ಸೇರಿವೆ. ಯಾರಾದ್ರೂ ಬಂದು "ನಿಮ್ಮನ್ನ ಗೂಗಲ್‌ನಲ್ಲಿ ನಂಬರ್ ಒನ್ ಮಾಡ್ತೀನಿ, ಗ್ಯಾರಂಟಿ" ಅಂದ್ರೆ ಚಹಾ ಕೊಟ್ಟು ಕಳಿಸಿ. ಅಂಥ ಗ್ಯಾರಂಟಿ ಯಾರೂ ಕೊಡೋಕೆ ಆಗಲ್ಲ ಅಂತ ಗೂಗಲ್ಲೇ ತನ್ನ ಸೂಚನೆಗಳಲ್ಲಿ ಹೇಳುತ್ತೆ.

ಇನ್ನೊಂದು ಜಾತಿ ದುಡ್ಡು ಕೊಟ್ಟು ಪಡೆದ ಜಾಗ. ಅದರ ಮೇಲೆ 'ಸ್ಪಾನ್ಸರ್ಡ್' ಅಂತ ಬರೆದಿರುತ್ತೆ. ಇಲ್ಲಿ ನಡೆಯೋದು ಹರಾಜು. ನೀವು ಹುಡುಕುವ ಪದಕ್ಕೆ ಕೀವರ್ಡ್ ಅಂತ ಹೆಸರು. ಕೀವರ್ಡ್ ಹರಾಜು ಹಾಕೋ ವ್ಯಾಪಾರವನ್ನ 1998ರಲ್ಲಿ ಬಿಲ್ ಗ್ರಾಸ್ ಅನ್ನೋರ ಗೋಟೂ ಡಾಟ್ ಕಾಂ ಶುರು ಮಾಡಿತು. ಗೂಗಲ್ 2000ದಲ್ಲಿ ಆಡ್‌ವರ್ಡ್ಸ್ ತಂತು, 2002ರಲ್ಲಿ ಕ್ಲಿಕ್‌ಗೆ ದುಡ್ಡು ಅನ್ನೋ ಹರಾಜು ಪದ್ಧತಿಗೆ ಬಂತು, 2018ರಲ್ಲಿ ಅದಕ್ಕೆ ಗೂಗಲ್ ಆಡ್ಸ್ ಅಂತ ಹೆಸರು ಬದಲಾಯಿಸಿತು. ಕ್ಲಿಕ್ ಆದ್ರೆ ಮಾತ್ರ ದುಡ್ಡು, ಇದಕ್ಕೇ ಪಿಪಿಸಿ, ಪೇ ಪರ್ ಕ್ಲಿಕ್ ಅನ್ನೋದು.

ಆದರೆ ಇದು ನಮ್ಮ ಎಪಿಎಂಸಿ ಹರಾಜಿನ ಥರ ಅಲ್ಲ. ಜಾಸ್ತಿ ಕೂಗಿದವನಿಗೇ ಸಿಗುತ್ತೆ ಅಂತಿಲ್ಲ. ನೀವು ಕೂಗಿದ ಬೆಲೆಯ ಜೊತೆಗೆ ನಿಮ್ಮ ಜಾಹೀರಾತು ಎಷ್ಟು ಸಂಬಂಧಪಟ್ಟದ್ದು, ಜನ ಒತ್ತುವ ಸಾಧ್ಯತೆ ಎಷ್ಟು, ಒತ್ತಿದ ಮೇಲೆ ತೆರೆಯೋ ಪುಟ ಹೇಗಿದೆ ಅನ್ನೋದನ್ನೂ ತೂಗ್ತಾರೆ. ಈ ಮೂರಕ್ಕೂ ಕೊಡೋ ಅಂಕವೇ ಕ್ವಾಲಿಟಿ ಸ್ಕೋರ್, 1ರಿಂದ 10ರವರೆಗೆ. ಒಳ್ಳೇ ಜಾಹೀರಾತು, ಒಳ್ಳೇ ಪುಟ ಇದ್ದವನು ಕಡಿಮೆ ದುಡ್ಡಿಗೆ ಮೇಲೆ ಕೂರಬಹುದು. ಇದನ್ನ ಸಣ್ಣ ವ್ಯಾಪಾರಿಗೆ ಯಾರೂ ಹೇಳಲ್ಲ. ಬಜೆಟ್ ಹೆಚ್ಚಿಸಿ ಅಂತಾರೆ ಅಷ್ಟೇ.

ನಮ್ಮ ಹುಡುಗ ಹುಡುಕಾಟದ ಜಾಹೀರಾತಿಗೆ ಹಾಕಿದ್ದು ಬರೀ 10,000 ರೂಪಾಯಿ. ಕಂಡದ್ದು 10,000 ಸಲ, ಒತ್ತಿದ್ದು 500 ಸಲ. ಸಿಟಿಆರ್ ಶೇ. 5, ಸಿಪಿಸಿ 20 ರೂಪಾಯಿ. ಈಗ ನೋಡಿ ಮಜಾ. ಸೋಷಿಯಲ್ ಮೀಡಿಯಾದ ಕ್ಲಿಕ್ಕು 10 ರೂಪಾಯಿ, ಇಲ್ಲಿ 20. ಮೇಲ್ನೋಟಕ್ಕೆ ಇದೇ ದುಬಾರಿ. ಏಜೆನ್ಸಿಯವರು ಮುಂದಿನ ತಿಂಗಳು ಇದನ್ನ ಕಡಿಮೆ ಮಾಡೋಣ ಅಂತ ವರದಿಯ ಕೊನೆಯಲ್ಲಿ ಸಲಹೆ ಕೂಡ ಕೊಟ್ಟಿದ್ರು!

ಇಲ್ಲೇ ಬರೋದು ಎಲ್ಲಕ್ಕಿಂತ ಮುಖ್ಯವಾದ ಪದ, ಕನ್ವರ್ಶನ್. ಒತ್ತಿದವರಲ್ಲಿ ಎಷ್ಟು ಜನ ನಿಮಗೆ ಬೇಕಾದ ಕೆಲಸ ಮಾಡಿದರು ಅನ್ನೋದು. ಕೊಂಡರಾ, ಬುಕ್ ಮಾಡಿದರಾ, ಫಾರ್ಮ್ ತುಂಬಿದರಾ? ಸೋಷಿಯಲ್ ಮೀಡಿಯಾದ 2,000 ಕ್ಲಿಕ್‌ಗೆ ಒಂದು ಬುಕಿಂಗ್. ಹುಡುಕಾಟದ 500 ಕ್ಲಿಕ್‌ಗೆ ಐದು. ಒಂದು ಗಿರಾಕಿ ಪಡೆಯಲು ಬಿದ್ದ ಖರ್ಚಿಗೆ ಸಿಪಿಎ, ಕಾಸ್ಟ್ ಪರ್ ಆಕ್ವಿಸಿಶನ್ ಅಂತಾರೆ. ಮೊದಲನೇ ಕಡೆ 20,000 ರೂಪಾಯಿ, ಎರಡನೇ ಕಡೆ 2,000. ಅಗ್ಗದ ಕ್ಲಿಕ್ಕು ಹತ್ತು ಪಟ್ಟು ದುಬಾರಿ ಗಿರಾಕಿಯನ್ನ ತಂದಿತ್ತು!

ಒಂದು ಬುಕಿಂಗಿಗೆ ಸರಾಸರಿ 6,000 ರೂಪಾಯಿ ಬಂದಿದೆ ಅಂದ. ಜಾಹೀರಾತಿನ ಒಂದು ರೂಪಾಯಿಗೆ ಎಷ್ಟು ರೂಪಾಯಿಯ ವ್ಯಾಪಾರ ಬಂತು ಅನ್ನೋದು ರೋಆಸ್, ರಿಟರ್ನ್ ಆನ್ ಆಡ್ ಸ್ಪೆಂಡ್. ಹುಡುಕಾಟದಲ್ಲಿ 10,000 ಹಾಕಿ 30,000 ಬಂತು, ರೋಆಸ್ 3. ಸೋಷಿಯಲ್ ಮೀಡಿಯಾದಲ್ಲಿ 20,000 ಹಾಕಿ 6,000 ಬಂತು, 0.3. ಒಟ್ಟು ವ್ಯಾಪಾರ 36,000, ಏಜೆನ್ಸಿ ಫೀ ಸೇರಿ ಖರ್ಚು 42,000. ಅಮ್ಮ ಮಾಡಿ ಬಡಿಸಿದ ಅಕ್ಕಿರೊಟ್ಟಿ, ಕೋಳಿಸಾರಿನ ಖರ್ಚು ಇನ್ನೂ ಹಿಡಿದಿಲ್ಲ. ಇದರ ಹೆಸರು 'ಎಕ್ಸಲೆಂಟ್ ಪರ್ಫಾರ್ಮೆನ್ಸ್'.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಗೂಗಲ್‌ನಲ್ಲಿ ಹುಡುಕಿ ಬಂದ ಐದು ಜನರಲ್ಲಿ ಒಬ್ಬಿಬ್ಬರು ಮೊದಲು ಇನ್‌ಸ್ಟಾಗ್ರಾಂನಲ್ಲಿ ಆ ತೋಟದ ವಿಡಿಯೋ ನೋಡಿ ಆಮೇಲೆ ಹುಡುಕಿರಬಹುದು. ಗಿರಾಕಿ ಬಂದ ಯಶಸ್ಸನ್ನ ಯಾವ ಜಾಹೀರಾತಿನ ಖಾತೆಗೆ ಬರೆಯೋದು ಅನ್ನೋ ಈ ಪ್ರಶ್ನೆಗೆ ಆಟ್ರಿಬ್ಯೂಶನ್ ಅಂತ ಹೆಸರು. ಕೊನೇ ಕ್ಲಿಕ್‌ಗೇ ಎಲ್ಲಾ ಮಾರ್ಕ್ಸ್ ಕೊಟ್ರೆ, ಗೋಲ್ ಹೊಡೆದವನಿಗೆ ಹಾರ ಹಾಕಿ ಪಾಸ್ ಕೊಟ್ಟವನನ್ನ ಮರೆತ ಹಾಗೆ. ಅದಕ್ಕೇ ಒಂದು ತಿಂಗಳ ಆರು ಬುಕಿಂಗ್ ನೋಡಿ ಸೋಷಿಯಲ್ ಮೀಡಿಯಾ ದಂಡ ಅಂತ ತೀರ್ಪು ಕೊಡೋಕೆ ಆಗಲ್ಲ. ಆದರೆ ಆ ಪ್ರಶ್ನೆಯನ್ನ ಕೇಳದೇ ಇರೋಕೂ ಆಗಲ್ಲ.

ಮುಂದೆ ಅವನನ್ನ ಕೂರಿಸಿಕೊಂಡು ಅವನ ಅಕೌಂಟ್ ತೆರೆಸಿದೆವು. ನಮ್ಮ ಡಿಜಿಟಲ್ ಡೆಸ್ಕಿನ ಹುಡುಗಿಯೊಬ್ಬಳು 'ಸರ್ಚ್ ಟರ್ಮ್ಸ್' ಅನ್ನೋ ಪಟ್ಟಿ ತೋರಿಸಿದಳು. ಜನ ನಿಜವಾಗಿ ಏನು ಟೈಪ್ ಮಾಡಿದಾಗ ಜಾಹೀರಾತು ಬಂತು ಅನ್ನೋ ಪಟ್ಟಿ ಅದು. 'ಸಕಲೇಶಪುರ ಕಾಫಿ ಎಸ್ಟೇಟ್ ಮಾರಾಟಕ್ಕೆ', 'ಸಕಲೇಶಪುರ ಮಂಗಳೂರು ಟ್ರೇನ್ ಟೈಮಿಂಗ್', 'ಹೋಂಸ್ಟೇ ಲೈಸೆನ್ಸ್ ಮಾಡಿಸೋದು ಹೇಗೆ'. ಇವರ್ಯಾರೂ ರೂಮು ಕೇಳಿದವರಲ್ಲ. ಕೀವರ್ಡನ್ನ ಬ್ರಾಡ್ ಮ್ಯಾಚ್ ಅಂತ ಸಡಿಲ ಬಿಟ್ಟರೆ ಹತ್ತಿರದ ಅರ್ಥದ ಎಲ್ಲಾ ಹುಡುಕಾಟಕ್ಕೂ ಜಾಹೀರಾತು ಓಡುತ್ತೆ. ಅದಕ್ಕೆ ಬೇಲಿ ಹಾಕೋದು ನೆಗೆಟಿವ್ ಕೀವರ್ಡ್. 'ಮಾರಾಟ', 'ಟ್ರೇನ್', 'ಲೈಸೆನ್ಸ್' ಅನ್ನೋ ಪದ ಇದ್ರೆ ತೋರಿಸಬೇಡ ಅಂತ ಹೇಳೋದು. 500 ಕ್ಲಿಕ್‌ನಲ್ಲಿ 200 ಇಂಥವೇ ಇದ್ದವು. 4,000 ರೂಪಾಯಿ ಬೇಲಿ ಇಲ್ಲದ ತೋಟಕ್ಕೆ ದನ ನುಗ್ಗಿದ ಹಾಗೆ ಹೋಗಿತ್ತು. ಇದನ್ನ ವಾರಕ್ಕೊಮ್ಮೆ ನೋಡೋದಕ್ಕೇ ತಾನೇ ಏಜೆನ್ಸಿಗೆ ಫೀ ಕೊಡೋದು?

ಒತ್ತಿದವರು ಬಂದು ಇಳಿಯೋ ಪುಟಕ್ಕೆ ಲ್ಯಾಂಡಿಂಗ್ ಪೇಜ್ ಅಂತಾರೆ. ಇವನದು ತೆರೆಯೋಕೇ ತಡ. ತೆರೆದ್ರೆ ಮಂಜು, ಮೋಡ, ಡ್ರೋನ್ ವಿಡಿಯೋ. ರೇಟ್ ಎಲ್ಲೂ ಇಲ್ಲ, ಫೋನ್ ನಂಬರ್ ಪುಟದ ತಳದಲ್ಲಿ. ಬಂದವರು ಏನೂ ಮಾಡದೆ ಹಿಂದಕ್ಕೆ ಹೋಗೋದಕ್ಕೆ ಬೌನ್ಸ್ ಅಂತ ಹೆಸರು. 'ಈಗಲೇ ಫೋನ್ ಮಾಡಿ' ಅನ್ನೋ ಬಟನ್ನಿಗೆ ಕಾಲ್ ಟು ಆಕ್ಷನ್. ಬಟನ್ ಇಲ್ಲದ ಪುಟ, ಬಾಗಿಲಿಲ್ಲದ ಅಂಗಡಿ.

ಇನ್ನು ಎಂಗೇಜ್‌ಮೆಂಟ್. ಲೈಕು, ಕಾಮೆಂಟು, ಶೇರು ಎಲ್ಲ ಸೇರಿದ್ದು. ಒಳ್ಳೇದೇ. ಆದರೆ 'ಸೂಪರ್ ಬ್ರೋ' ಅಂತ ಕಾಮೆಂಟ್ ಹಾಕಿದವರು ರೂಮ್ ಬುಕ್ ಮಾಡಲ್ಲ. ನೋಡೋಕೆ ಚೆಂದ, ಲೆಕ್ಕಕ್ಕಿಲ್ಲ ಅನ್ನೋ ಇಂಥ ಅಂಕಿಗಳಿಗೆ ಈ ವ್ಯಾಪಾರದವರೇ ವ್ಯಾನಿಟಿ ಮೆಟ್ರಿಕ್ಸ್ ಅಂತ ಹೆಸರಿಟ್ಟಿದಾರೆ. ಲೈಕು, ಫಾಲೋವರ್ಸ್ ದುಡ್ಡಿಗೂ ಸಿಗ್ತವೆ. ಸಾಲಾಗಿ ಫೋನ್ ಜೋಡಿಸಿಟ್ಟು ಒತ್ತೋ ಕ್ಲಿಕ್ ಫಾರ್ಮ್‌ಗಳಿವೆ, ಮನುಷ್ಯರೇ ಇಲ್ಲದ ಬಾಟ್‌ಗಳಿವೆ.

ದೊಡ್ಡ ಕಂಪನಿಯ ಅಂಕಿ ಅಂದ್ರೆ ತಪ್ಪೇ ಇರಲ್ವಾ? 2016ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ವಿಡಿಯೋಗಳನ್ನ ಜನ ಸರಾಸರಿ ಎಷ್ಟು ಹೊತ್ತು ನೋಡ್ತಾರೆ ಅನ್ನೋ ಅಂಕಿಯನ್ನ ಎರಡು ವರ್ಷ ಉಬ್ಬಿಸಿ ತೋರಿಸಿತ್ತು. ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನ ಲೆಕ್ಕದಿಂದ ಕೈಬಿಟ್ಟು ಸರಾಸರಿ ತೆಗೆದಿದ್ದೇ ಕಾರಣ. ಅರ್ಧ ದಾರಿಗೆ ಎದ್ದು ಹೋದವರನ್ನ ಬಿಟ್ಟು "ಎಲ್ಲರೂ ಪೂರ್ತಿ ಊಟ ಮಾಡಿದ್ರು" ಅಂದ ಹಾಗೆ. ಜಾಹೀರಾತುದಾರರು ಕೋರ್ಟಿಗೆ ಹೋದ್ರು, 2019ರಲ್ಲಿ 4 ಕೋಟಿ ಡಾಲರ್ ಕೊಟ್ಟು ರಾಜಿ ಆಯ್ತು.

ಬೇರೆಯವರ ಮನೆ ತೋರಿಸಿ ನಮ್ಮ ಮನೆ ಮುಚ್ಚಿಡೋದು ಸರಿಯಲ್ಲ. ನಾವು ಟಿವಿಯವರೂ ಅಂಕಿಗಳ ಮೇಲೇ ಬದುಕೋರು. ಟಿಆರ್‌ಪಿ ತಿರುಚಿದ ಆರೋಪ ಬಂದಾಗ 2020ರ ಅಕ್ಟೋಬರ್‌ನಲ್ಲಿ ಬಾರ್ಕ್ ಸಂಸ್ಥೆ ಸುದ್ದಿ ಚಾನೆಲ್‌ಗಳ ರೇಟಿಂಗನ್ನೇ ನಿಲ್ಲಿಸಿತ್ತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ನಮ್ಮ ಯೂಟ್ಯೂಬ್ ವಿಡಿಯೋಗೆ ಕೆಂಪು ಬಾಣ, ಬಾಯಿ ತೆರೆದ ಮುಖ ಇರೋ ಥಂಬ್‌ನೇಲ್ ಯಾಕೆ ಹಾಕ್ತೀವಿ ಗೊತ್ತಾ? ಸಿಟಿಆರ್‌ಗೋಸ್ಕರ. ಒಳಗೆ ಸರಕಿಲ್ಲದೆ ಬರೀ ಒತ್ತಿಸೋಕೆ ಹಾಕಿದ್ರೆ ಅದೇ ಕ್ಲಿಕ್‌ಬೈಟ್. ನಾನೂ ಅದರಲ್ಲಿ ಪಾಲುದಾರ. ಹಾಗಾಗಿ ಈ ಮಾತನ್ನ ಉಪದೇಶ ಅಂತ ತಗೋಬೇಡಿ, ಒಳಗಿರೋನು ಹೇಳಿದ ಮಾತು ಅಂತ ತಗೊಳ್ಳಿ.

"ನನಗೆ ಯಾವ ವ್ಯಾಪಾರಾನೂ ಇಲ್ಲ, ನನಗ್ಯಾಕೆ ಇದು?" ಅಂತೀರಾ? ನೀವೇ ಇಲ್ಲಿ ಸರಕು. ಒಂದು ಮಿಕ್ಸಿ ನೋಡಿ ಬಿಟ್ಟು ಬಂದ್ರೆ ಹದಿನೈದು ದಿನ ಆ ಮಿಕ್ಸಿ ನಿಮ್ಮ ಹಿಂದೆ ಬೀಳುತ್ತೆ. ಅದು ರೀಟಾರ್ಗೆಟಿಂಗ್. ನೀವು ಬಂದ ಗುರುತನ್ನ ನಿಮ್ಮ ಬ್ರೌಸರ್‌ನಲ್ಲಿ ಇಟ್ಟು ಹೋಗೋ ಸಣ್ಣ ಚೀಟಿ ಕುಕ್ಕಿ. ಶಾಪಿಂಗ್ ಬುಟ್ಟಿಯಲ್ಲಿ ಏನಿದೆ ಅಂತ ನೆನಪಿಡೋಂಥ ಸಾಧಾರಣ ಕೆಲಸಕ್ಕೆ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಮಾಡಿದ್ದು ಅದು. ಆಮೇಲೆ ಬೇಹುಗಾರಿಕೆಗೆ ಬಿತ್ತು. ನೀವು ಮೆಚ್ಚುವ ಇನ್‌ಫ್ಲುಯೆನ್ಸರ್ ದುಡ್ಡು ತಗೊಂಡು ಎಣ್ಣೆ ಹೊಗಳಿದ್ರೆ ಅದನ್ನ ಹೇಳಲೇಬೇಕು ಅಂತ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ನಿಯಮ ಮಾಡಿದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವೂ ಮಾರ್ಗಸೂಚಿ ಕೊಟ್ಟಿತು. ವಿಡಿಯೋ ಆದ್ರೆ ವಿಡಿಯೋದೊಳಗೇ ಹೇಳಬೇಕು, ಕೆಳಗಿನ ವಿವರಣೆಯಲ್ಲಿ ಬಚ್ಚಿಟ್ರೆ ಸಾಲದು. ದಾರಿತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ ದಂಡ ಇದೆ.

ಎಲ್ಲಕ್ಕಿಂತ ಅಪಾಯದ್ದು 'ಸ್ಪಾನ್ಸರ್ಡ್' ಅನ್ನೋ ಆ ಒಂದು ಪದವನ್ನ ಓದದೇ ಇರೋದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಫ್ರಿಜ್ ರಿಪೇರಿಗೆ ಕಸ್ಟಮರ್ ಕೇರ್ ನಂಬರ್ ಹುಡುಕಿದ್ರು. ಮೊದಲಿಗೇ ಬಂದ ನಂಬರಿಗೆ ಫೋನ್ ಮಾಡಿದ್ರು. ಆ ಕಡೆಯವನು ಬಹಳ ವಿನಯದಿಂದ ಒಂದು ಆ್ಯಪ್ ಹಾಕಿಸಿದ, ಪರದೆ ಹಂಚಿಕೊಳ್ಳಿ ಅಂದ. ಹತ್ತು ನಿಮಿಷದಲ್ಲಿ ಪೆನ್ಶನ್ ಖಾತೆ ಖಾಲಿ. ಮೊದಲು ಕಾಣೋದೇ ನಿಜವಾದದ್ದು ಅಂತ ಮೇಷ್ಟ್ರು ನಂಬಿದ್ರು. ಅದು ಹರಾಜಿನಲ್ಲಿ ಕೊಂಡ ಜಾಗ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಬ್ಯಾಂಕಿನ ನಂಬರ್ ನಿಮ್ಮ ಕಾರ್ಡಿನ ಹಿಂದೆ ಇದೆ, ಫ್ರಿಜ್‌ನ ನಂಬರ್ ವಾರಂಟಿ ಕಾರ್ಡಿನಲ್ಲಿದೆ. ಅಲ್ಲಿಂದ ತಗೊಳ್ಳಿ. ಮೋಸ ಆಗೇ ಹೋದ್ರೆ ನಾಚಿಕೆಪಟ್ಟು ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ಮಧ್ಯದಲ್ಲೇ ತಡೆಯೋ ಸಾಧ್ಯತೆ ಹೆಚ್ಚು.

ವ್ಯಾಪಾರ ಮಾಡುವವರಿಗೆ ನಾಲ್ಕೇ ಮಾತು. ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ, ನೀವೇ ಮಾಡ್ಕೊಳ್ಳಿ. ಫೋನ್ ನಂಬರ್, ಸಮಯ, ನಿಜವಾದ ಫೋಟೋ ಹಾಕಿ. ಜಾಹೀರಾತಿನ ಅಕೌಂಟ್, ಪೇಜಿನ ಒಡೆತನ ನಿಮ್ಮ ಹೆಸರಲ್ಲೇ ಇರಲಿ, ಏಜೆನ್ಸಿಗೆ ಒಳಗೆ ಬರೋ ಅನುಮತಿ ಮಾತ್ರ ಕೊಡಿ. ಇಲ್ಲದಿದ್ರೆ ಜಗಳ ಆದ ದಿನ ನಿಮ್ಮ ಅಂಗಡಿಯ ಬೀಗದ ಕೈ ಅವರ ಜೇಬಿನಲ್ಲಿರುತ್ತೆ. ಮೂರನೇದು, ವರದಿ ಬಂದಾಗ ಮೊದಲು ಕೇಳಿ, ಗಿರಾಕಿ ಎಷ್ಟು, ಒಬ್ಬ ಗಿರಾಕಿಗೆ ಬಿದ್ದ ಖರ್ಚೆಷ್ಟು? ನಾಲ್ಕನೇದು, ಬಂದವರನ್ನ ಕೇಳಿ, ಎಲ್ಲಿ ನೋಡಿದ್ರಿ ಅಂತ. ಬರೆದಿಟ್ಟುಕೊಳ್ಳಿ.

ಆ ಹುಡುಗ ಎದ್ದು ಹೊರಡುವಾಗ ಕೇಳಿದೆ, "ಈಗ ಹೇಳಪ್ಪ, ಗೆದ್ದಿದೀಯಾ, ಸೋತಿದೀಯಾ?" ಅವನು ನಕ್ಕ. "ಸರ್, ದುಡ್ಡಿನಲ್ಲಿ ಸೋತೆ. ಆದ್ರೆ ಅಮ್ಮನ ನೋಟ್‌ಬುಕ್ ಗೆದ್ದಿದೆ" ಅಂದ. ಆ ಹನ್ನೆರಡು ಪುಟದ ಫೈಲನ್ನ ನನ್ನ ಟೇಬಲ್ ಮೇಲೇ ಬಿಟ್ಟು ಹೋದ. ನೋಟ್‌ಬುಕ್ ಮಾತ್ರ ಜೋಪಾನವಾಗಿ ಬ್ಯಾಗಿಗೆ ಹಾಕ್ಕೊಂಡ.

ಯೋಚನೆ ಮಾಡಿ.